ಕೂರುತ್ತದೆ, ಏಳುವುದಿಲ್ಲ: ಹಳೇ ಡೆಸ್ಕ್‌ಟಾಪಿಗೆ ಹೊಸ ಪ್ರೊಸೆಸರ್ ಹಾಕುವವರ ಕೈಪಿಡಿ

ಈ ಕೈಪಿಡಿ ಯಾರಿಗೆ

2005–06ರ ಸುಮಾರಿಗೆ ಕೊಂಡ, ಪೆಂಟಿಯಮ್ 4 ಇರುವ ಡೆಸ್ಕ್‌ಟಾಪನ್ನು ಮಾರಲು ಮನಸ್ಸಿಲ್ಲದೆ, ಗುಜರಿಗೆ ಹಾಕಲು ಧೈರ್ಯವಿಲ್ಲದೆ ಇಟ್ಟುಕೊಂಡಿರುವ ಗ್ರಾಹಕರಿಗೆ. “ಸ್ಲೋ ಆಗಿದ್ಯಾ? ಪ್ರೊಸೆಸರ್ ಚೇಂಜ್ ಮಾಡ್ಸಿ” ಎಂದು ಯಾರೋ ನಿಮಗೆ ಹೇಳಿದ್ದಾರೆ. ಹೇಳಿದವರು ಈಗ ಫೋನ್ ಎತ್ತುತ್ತಿಲ್ಲ. ಕೈಪಿಡಿಯನ್ನು ಕೆಲಸಕ್ಕೆ ಮೊದಲು ಓದಬೇಕೆಂಬುದು ನಿಯಮ. ಕೆಲಸ ಕೆಟ್ಟ ಮೇಲೆ ಓದುವುದು ವಾಡಿಕೆ. ವಾಡಿಕೆಯನ್ನೇ ಗೌರವಿಸಿ ದೋಷ ಪರಿಹಾರದ ಭಾಗವನ್ನು ಉದ್ದ ಮಾಡಲಾಗಿದೆ.

ಖರೀದಿ

ಇಂಟೆಲ್ 2004ರಲ್ಲಿ ತಂದ ಎಲ್‌ಜಿಎ 775 ಸಾಕೆಟ್ಟಿನಲ್ಲಿ ಪೆಂಟಿಯಮ್ 4, ಪೆಂಟಿಯಮ್ ಡಿ, ಸೆಲೆರಾನ್, ಕೋರ್ 2 ಡ್ಯುಯೋ, ಕೋರ್ 2 ಕ್ವಾಡ್ ಎಲ್ಲವೂ ಕೂರುತ್ತವೆ. ಅದೇ ಅಳತೆ, ಅಂಚಿನಲ್ಲಿ ಅದೇ ಎರಡು ಕಚ್ಚು. ಇದನ್ನು ನೋಡಿಯೇ ಜನ ಮೋಸಹೋಗುವುದು. ಕೂತದ್ದೆಲ್ಲ ಏಳುವುದಿಲ್ಲ. 915 ಚಿಪ್‌ಸೆಟ್ಟಿನ ಬೋರ್ಡು ಕೋರ್ 2 ಚಿಪ್ಪನ್ನು ಮಡಿಲಲ್ಲಿ ಕೂರಿಸಿಕೊಂಡೂ ಗುರುತಿಲ್ಲದಂತೆ ಸುಮ್ಮನಿರುತ್ತದೆ. 945ರದ್ದು ಇನ್ನೂ ಕಷ್ಟ. ಒಂದೇ ಹೆಸರಿನ ಬೋರ್ಡಿನ ಹಳೇ ರಿವಿಷನ್ ಬೇಡವೆನ್ನುತ್ತದೆ, ಮುಂದಿನ ರಿವಿಷನ್ ಬಾ ಎನ್ನುತ್ತದೆ. ಕೋರ್ 2 ಬೇಡುವ ಕಡಿಮೆ ವೋಲ್ಟೇಜನ್ನು ಕೊಡುವ ಸರ್ಕೀಟು ಮೊದಲಿನದರಲ್ಲಿ ಇರುವುದಿಲ್ಲ. ರಿವಿಷನ್ ಸಂಖ್ಯೆ ಬೋರ್ಡಿನ ಮೇಲೆಯೇ, ಟಾರ್ಚ್ ಹಿಡಿದು ಹುಡುಕಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತಯಾರಕರು ಪ್ರಕಟಿಸಿದ ಪ್ರೊಸೆಸರ್ ಪಟ್ಟಿಗೆ ಅದನ್ನು ತಾಳೆ ನೋಡಿದ ನಂತರವೇ ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೊರಡತಕ್ಕದ್ದು. ಅಲ್ಲಿ “ಇದು ನಮ್ಮ ಬೋರ್ಡಿಗೆ ಆಗುತ್ತಾ?” ಎಂದು ಕೇಳಬೇಡಿ. ಆ ಪ್ರಶ್ನೆಗೆ ಯಾವ ಊರಿನ ಯಾವ ಅಂಗಡಿಯಲ್ಲೂ “ಇಲ್ಲ” ಎಂಬ ಉತ್ತರ ಸ್ಟಾಕ್ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಚಿಪ್ಪಿನ ನೆತ್ತಿಯ ಬರಹ ಓದಿ. 2007ರಲ್ಲಿ ಬಂದ ಕೋರ್ 2 ಕ್ವಾಡ್ ಕ್ಯೂ6600 ಎರಡು ಬಗೆಯದು. ಎಸ್‌ಎಲ್9ಯುಎಂ ಎಂದಿದ್ದರೆ 105 ವ್ಯಾಟ್, ಎಸ್‌ಎಲ್‌ಎಸಿಆರ್ ಎಂದಿದ್ದರೆ 95 ವ್ಯಾಟ್. ಎರಡನೆಯದನ್ನು ಆರಿಸಿ. ಹತ್ತು ವ್ಯಾಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎನ್ನುವವರು ನಿಮ್ಮ ಪವರ್ ಸಪ್ಲೈ ವಯಸ್ಸನ್ನು ಮರೆತಿದ್ದಾರೆ.

(ಸರ್ವರ್‌ಗಳಿಗೆಂದು ಮಾಡಿದ ಎಲ್‌ಜಿಎ 771 ಸಾಕೆಟ್ಟಿನ ಝಿಯಾನ್ ಚಿಪ್ಪನ್ನು, ಎರಡು ಸಂಪರ್ಕಗಳನ್ನು ಅದಲುಬದಲು ಮಾಡುವ ಚಿಕ್ಕ ಸ್ಟಿಕರ್ ಅಂಟಿಸಿ, ಸಾಕೆಟ್ಟಿನ ಪ್ಲಾಸ್ಟಿಕ್ ಉಬ್ಬುಗಳನ್ನು ಬ್ಲೇಡಿನಿಂದ ಕೊಯ್ದು ಕೂರಿಸುವವರೂ ಇದ್ದಾರೆ. ಈ ಕೈಪಿಡಿ ಇದನ್ನು ಶಿಫಾರಸು ಮಾಡುವುದಿಲ್ಲ. ಮಾಡಿ ಗೆದ್ದವರು ಬಂದರೆ ಎದ್ದು ನಿಲ್ಲುತ್ತದೆ.)

ಜೋಡಣೆ

ಮೊದಲು ಧೂಳು. ವರ್ಷವರ್ಷವೂ ಆಯುಧಪೂಜೆ ಕಂಡ ಕ್ಯಾಬಿನೆಟ್ಟಾದರೆ ಕುಂಕುಮ, ಅಕ್ಷತೆಗಳೂ ಒಳಗೆ ಸಿಗುತ್ತವೆ. ಭಕ್ತಿಯಿಂದಲೇ ತೆಗೆಯಿರಿ, ಆದರೆ ತೆಗೆಯಿರಿ.

ಈ ಸಾಕೆಟ್ಟಿನಲ್ಲಿ ಕಡ್ಡಿಗಳು ಚಿಪ್ಪಿಗಿಲ್ಲ, ಬೋರ್ಡಿಗಿವೆ. ಕೂದಲಿನಷ್ಟು ತೆಳ್ಳಗಿನ 775 ಕಡ್ಡಿ. ಅವುಗಳ ಮೇಲೆ ಬೆರಳು, ಬಟ್ಟೆ, ಬ್ರಷ್, ಮಕ್ಕಳ ಕುತೂಹಲ ಯಾವುದೂ ಬೀಳಬಾರದು. ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ ಇಡಿ. ನಂತರ ಸನ್ನೆಕೋಲು ಕೆಳಗಿಳಿಸುವಾಗ ಏನೋ ಪುಡಿಯಾಗುತ್ತಿರುವ ಸದ್ದು ಬರುತ್ತದೆ. ಅದು ಸರಿಯಾದ ಸದ್ದು. ತಪ್ಪಾಗಿ ಕೂರಿಸಿದಾಗ ಬರುವ ಸದ್ದಿಗೂ ಇದಕ್ಕೂ ವ್ಯತ್ಯಾಸ ಹೇಳಲು ಬರುವುದಿಲ್ಲ.

ಥರ್ಮಲ್ ಪೇಸ್ಟ್ ಹೆಸರುಕಾಳಿನಷ್ಟು ಸಾಕು. ಟ್ಯೂಬಿನಲ್ಲಿ ಉಳಿಯಿತೆಂದು ಸುರಿಯಬೇಡಿ.

ಇನ್ನು ಹೀಟ್‌ಸಿಂಕ್. ಇಂಟೆಲ್ ಕೊಡುವ ಕೂಲರಿನ ನಾಲ್ಕು ಮೂಲೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಗೂಟಗಳಿವೆ, ಪ್ರತಿಯೊಂದರ ತಲೆಯ ಮೇಲೂ ಒಂದು ಬಾಣ. ಬಾಣ ಕಂಡ ಮನುಷ್ಯ ಅದು ತೋರಿಸಿದ ಕಡೆ ತಿರುಗಿಸುತ್ತಾನೆ. ತಿರುಗಿಸಿದರೆ ಬಿಗಿಯಾಗುವುದಿಲ್ಲ, ಕಳಚಿಕೊಳ್ಳುತ್ತದೆ. ಆ ಬಾಣ ಬಿಚ್ಚುವ ದಿಕ್ಕನ್ನು ತೋರಿಸುತ್ತದೆ. ಕೂರಿಸಲು ತಿರುಗಿಸುವುದೇ ಬೇಡ, ಎದುರುಬದುರು ಮೂಲೆಗಳನ್ನು ಜೊತೆಯಾಗಿ ಒತ್ತಿದರೆ ಸಾಕು, ಕ್ಲಿಕ್ ಎನ್ನುತ್ತದೆ. ಒತ್ತುವಾಗ ಬೋರ್ಡು ಬಾಗುವುದನ್ನು ನೋಡಿ ಕೈ ಹಿಂತೆಗೆದವರ ಮೂರು ಗೂಟ ಕೂತು ನಾಲ್ಕನೆಯದು ಅರ್ಧದಲ್ಲಿ ನಿಂತಿರುತ್ತದೆ. ಬೋರ್ಡನ್ನು ಹೊರತೆಗೆದು, ಬೆನ್ನಿನ ಕಡೆಯಿಂದ ನಾಲ್ಕೂ ಗೂಟ ಪೂರ್ತಿ ಹೊರಬಂದಿವೆಯೇ ನೋಡುವುದೊಂದೇ ನಂಬಬಹುದಾದ ಪರೀಕ್ಷೆ.

ದೋಷ ಮತ್ತು ಪರಿಹಾರ

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಪ್ರೊಸೆಸರ್ ಪಕ್ಕದ ಚೌಕಾಕಾರದ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರನ್ನು ಮರೆತಿದ್ದೀರಿ. ಮರೆತಿಲ್ಲವೆಂದು ವಾದಿಸುವ ಮೊದಲು ನೋಡಿ.

ಬೀಪ್ ಬರುತ್ತದೆ: ಎಣಿಸಿ. ಎಎಂಐ ಬಯಾಸ್ ಇದ್ದಲ್ಲಿ ಐದು ಗಿಡ್ಡ ಬೀಪ್ ಎಂದರೆ ದೂರು ಪ್ರೊಸೆಸರಿನ ಮೇಲೆ. ಮೂರಾದರೆ ರ‍್ಯಾಮ್ ಮೇಲೆ, ಚಿಪ್ ಬದಲಿಸುವ ಭರದಲ್ಲಿ ಮೊಣಕೈ ತಾಗಿ ಅದು ಸಡಿಲವಾಗಿರುತ್ತದೆ. ರ‍್ಯಾಮ್ ತೆಗೆದು, ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವುದು ನಮ್ಮ ರಿಪೇರಿ ಅಂಗಡಿಗಳ ರಾಮಬಾಣ. ಯಾವ ಕಂಪನಿಯ ಕೈಪಿಡಿಯಲ್ಲೂ ಇದು ಇಲ್ಲ. ಕೆಲಸ ಮಾಡುತ್ತದೆ.

ಆನ್ ಆಗಿ ಕೆಲವೇ ಸೆಕೆಂಡಿನಲ್ಲಿ ಆಫ್ ಆಗುತ್ತದೆ: ನಾಲ್ಕನೆಯ ಗೂಟ.

ಬೀಪೂ ಇಲ್ಲ, ಬೆಳಕೂ ಇಲ್ಲ, ಹಳೆಯದನ್ನು ಹಾಕಿದರೆ ಮಾತ್ರ ಎದ್ದೇಳುತ್ತದೆ: ಬಯಾಸ್ ಹಳೆಯದು. ಹೊಸ ಪ್ರೊಸೆಸರನ್ನು ಗುರುತಿಸಲು ಹೊಸ ಬಯಾಸ್ ಬೇಕು. ಹೊಸ ಬಯಾಸ್ ತುಂಬಲು ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗಲು ಬಯಾಸಿಗೆ ಪರಿಚಯವಿರುವ ಪ್ರೊಸೆಸರ್ ಬೇಕು. ಆದ್ದರಿಂದ ಹಳೆಯದನ್ನು ಮತ್ತೆ ಕೂರಿಸಿ, ಬಯಾಸ್ ತುಂಬಿ, ಮತ್ತೆ ಕಳಚಿ, ಹೊಸದನ್ನು ಹಾಕಿ. ನಾಲ್ಕು ಗೂಟದ ಪ್ರಸಂಗ ಇಲ್ಲಿ ಎರಡು ಸಲ ಮರುಪ್ರದರ್ಶನ ಕಾಣುತ್ತದೆ: ಪ್ರತಿ ಸಲವೂ ನಾಲ್ಕು ಬಿಚ್ಚಲು, ನಾಲ್ಕು ಹಾಕಲು. ಬಯಾಸ್ ತುಂಬುವಾಗ ಕರೆಂಟು ಹೋದರೆ ಬೋರ್ಡು ಮತ್ತೆ ಏಳದಿರಬಹುದು. ಯುಪಿಎಸ್ ಬ್ಯಾಟರಿ ನಿಜಕ್ಕೂ ಬದುಕಿದೆಯೇ ಎಂಬುದನ್ನು ಆ ಹೊತ್ತಿನಲ್ಲಿ ತಿಳಿಯುವುದು ಬೇಡ, ಮುಂಚೆಯೇ ತಿಳಿಯಿರಿ.

ತಾರೀಖು ಯಾವುದೋ ಕಾಲಕ್ಕೆ ಹೋಗಿದೆ, ಬ್ರೌಸರ್ ಎಲ್ಲ ತಾಣವನ್ನೂ ಅಸುರಕ್ಷಿತವೆನ್ನುತ್ತದೆ: ಸಿಆರ್2032 ಬ್ಯಾಟರಿ ಸತ್ತಿದೆ. ಮೂರು ವೋಲ್ಟಿನ ಬಿಲ್ಲೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ವೇಗದ ಅಂಕಿ ಇಳಿದಿದೆ: ಮನೆಯಲ್ಲಿ ಜಗಳವಾಗುವುದು ಇಲ್ಲೇ, ಹಾಗಾಗಿ ಸಮಾಧಾನದಿಂದ ಓದಿ. ಕೋರ್ 2 ಡ್ಯುಯೋ ಇ8400ರ 3 ಗಿಗಾಹರ್ಟ್ಸ್ ಎಂದರೆ ಬೋರ್ಡು ಕೊಡುವ 333 ಮೆಗಾಹರ್ಟ್ಸ್‌ನ ಒಂಬತ್ತು ಪಟ್ಟು. ಬೋರ್ಡಿಗೆ 266 ಮಾತ್ರ ಕೊಡಲು ಬಂದು, ಚಿಪ್ಪು ಓಡಲು ಒಪ್ಪಿದರೆ, ಅದು 2.4ರಲ್ಲಿ ಓಡುತ್ತದೆ. 200 ಕೊಟ್ಟರೆ 1.8ರಲ್ಲಿ. ಹಳೇ ಪೆಂಟಿಯಮ್ 4ರ ಮೇಲೆ 3 ಎಂದು ಬರೆದಿತ್ತಲ್ಲ, ದುಡ್ಡು ಕೊಟ್ಟು 1.8 ಮಾಡಿಸಿಕೊಂಡೆಯಾ ಎಂದು ತಂದೆಯವರು ಕೇಳುತ್ತಾರೆ. ಪ್ರತಿ ಮಿಡಿತಕ್ಕೆ ಕೋರ್ 2 ಹೆಚ್ಚು ಕೆಲಸ ಮಾಡುತ್ತದೆ, 1.8ರಲ್ಲೂ ಅದೇ ಮುಂದೆ ಎಂಬುದು ಸತ್ಯವಾದ ಉತ್ತರ. ಈ ಉತ್ತರವನ್ನು ಯಾರಾದರೂ ಒಪ್ಪಿದ ದಾಖಲೆಯಿಲ್ಲ. ಸರಿಯಾದ ಬೋರ್ಡಿನಲ್ಲೂ ಕೆಲಸವಿಲ್ಲದಾಗ ಇ8400 ಸುಮ್ಮನೆ 2ಕ್ಕೆ ಇಳಿದು ಕರೆಂಟು ಉಳಿಸುತ್ತದೆ. ಅದು ದೋಷವಲ್ಲ, ಸಂಸ್ಕಾರ.

ಎಲ್ಲ ಸರಿಯಾಗಿದೆ, ಆದರೂ ಸ್ಲೋ

ಈ ವಿಭಾಗವನ್ನು ಹಿಂದಕ್ಕೆ ಹಾಕಿದ್ದು ಬೇಕೆಂದೇ. ಮೊದಲೇ ಹೇಳಿದ್ದರೆ ಕೈಪಿಡಿಯ ಉಳಿದ ಭಾಗಕ್ಕೆ ಕೆಲಸವಿರುತ್ತಿರಲಿಲ್ಲ. ನಿಮಿಷಕ್ಕೆ 7200 ಸುತ್ತು ಹಾಕುವ ಹಾರ್ಡ್ ಡಿಸ್ಕಿನಲ್ಲಿ ಬೇಕಾದ ಮಾಹಿತಿ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಬೇಕು, ಅಂದರೆ ಸುಮಾರು 4.2 ಮಿಲಿಸೆಕೆಂಡ್. ಅಷ್ಟರಲ್ಲಿ 3 ಗಿಗಾಹರ್ಟ್ಸ್‌ನ ಪ್ರೊಸೆಸರ್ ಒಂದೇಕಾಲು ಕೋಟಿ ಸಲ ಮಿಡಿದಿರುತ್ತದೆ. ಸೂಜಿ ಜಾಗ ಬದಲಿಸುವ ಸಮಯ ಇದರ ಮೇಲೆ. ಹಳೇ ಪ್ರೊಸೆಸರ್ ಡಿಸ್ಕಿಗಾಗಿ ಕಾಯುತ್ತಿತ್ತು. ಹೊಸದು ಅದಕ್ಕಿಂತ ಚುರುಕಾಗಿ ಕಾಯುತ್ತದೆ. ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿ, ಬೋರ್ಡು ತಡೆಯುವಷ್ಟು ರ‍್ಯಾಮ್ ತುಂಬಿದ್ದರೆ ಪೆಂಟಿಯಮ್ ಕೂಡ ಮರ್ಯಾದೆಯಿಂದ ಎದ್ದು ಕೂರುತ್ತಿತ್ತು. ಗೂಟ ಮುಟ್ಟುವ ಅಗತ್ಯವೇ ಇರಲಿಲ್ಲ.

ವಿಂಡೋಸ್ 11 ಹಾಕುವ ಆಸೆ ಬಿಡಿ. ಅದರ 24ಎಚ್2 ಆವೃತ್ತಿ ಬೇಡುವ ಎಸ್‌ಎಸ್‌ಇ4.2 ಆದೇಶಗಳು ಯಾವ ಕೋರ್ 2ರಲ್ಲೂ ಇಲ್ಲ, ಬೂಟ್ ಆಗುವುದೇ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಲಿನಕ್ಸ್ ಮಿಂಟ್ ಹಾಕಿ, ಸುಮ್ಮನೆ ನಡೆಯುತ್ತದೆ.

ಹಳೇ ಪ್ರೊಸೆಸರಿನ ವಿಲೇವಾರಿ

ಗುಜರಿಯವರು ಇದಕ್ಕೆ ಕೊಡುವ ಬೆಲೆ ಕೇಳಿ ಬೇಸರ ಮಾಡಿಕೊಳ್ಳಬೇಡಿ, ಮಾರಲೂ ಬೇಡಿ. ಮುಂದೆ ಯಾವ ದಿನ ಬಯಾಸ್ ಹಟ ಹಿಡಿದರೂ ಬೋರ್ಡಿಗೆ ಗುರುತಿರುವ ಮುಖ ಇದೊಂದೇ. ಪೇಸ್ಟ್ ಒರೆಸಿ ಡಬ್ಬಿಯಲ್ಲಿಡಿ, ಮೇಲೆ ಏನೆಂದು ಬರೆಯಿರಿ. ಕೀಚೈನ್ ಮಾಡಿಕೊಳ್ಳುವವರು ತೂತು ಕೊರೆಯುವ ಮೊದಲು ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಇನ್ನೊಮ್ಮೆ ನೋಡತಕ್ಕದ್ದು.