ಮೇಲಕ್ಕೋ, ಕೆಳಕ್ಕೋ?

ಬಸವನಗುಡಿಯಲ್ಲಿ ಹೊಸಬರು ಕಂಡ ಕೂಡಲೇ ಗೋತ್ರ ಕೇಳುವ ಪದ್ಧತಿ ಈಚೆಗೆ ಕಡಿಮೆಯಾಗಿದೆ. ಅದರ ಜಾಗದಲ್ಲಿ ಬಂದಿರುವ ಪ್ರಶ್ನೆ ಇದು: "ನಿಮ್ಮ ಮೆಣಸಿನ ಗಿಡದ ಎಲೆ ಮೇಲಕ್ಕೆ ಮುದುರಿದೆಯೋ, ಕೆಳಕ್ಕೋ?"

ಕೇಳುವವರು ರಾಯರು. ಇವರು ಒಬ್ಬರಲ್ಲ, ಕ್ರಾಸಿಗೊಬ್ಬರು ಇದ್ದಾರೆ. ಚಾಮರಾಜಪೇಟೆಯಲ್ಲಿ ಇವರದೇ ಹಳೆಯ ಮುದ್ರಣ ಸಿಗುತ್ತದೆ, ಸ್ವಲ್ಪ ದಪ್ಪ ರಟ್ಟು. ಮಲ್ಲೇಶ್ವರದ ಪ್ರತಿಗೆ ಬೇವಿನೆಣ್ಣೆಯ ಮೇಲೆ ವಿಶೇಷ ಒಲವು. ಇರದೆ ಏನು, ಮಾರ್ಗೋಸಾ ರಸ್ತೆ ಅಂದರೆ ಬೇವಿನ ರಸ್ತೆ ತಾನೆ? ನಾನು ಬಲ್ಲ ಪ್ರತಿ ಬೆಳಿಗ್ಗೆ ಆರೂವರೆಗೆ ಕೃಷ್ಣರಾವ್ ಪಾರ್ಕಿನಲ್ಲಿ ಮಂಕಿಟೋಪಿಯೊಳಗೆ ದೊರೆಯುತ್ತದೆ. ಸರ್ವಿಸ್ಸೆಲ್ಲ ಆಡಿಟ್‌ನಲ್ಲಿ ಕಳೆದವರು. ಲೆಡ್ಜರಿನಲ್ಲಿ ಯಾರೋ ಅಳಿಸಿ ಬರೆದ ಸೊನ್ನೆಗಳನ್ನು ಹಿಡಿಯಲು ಇಟ್ಟುಕೊಂಡಿದ್ದ ಭೂತಗನ್ನಡಿ ನಿವೃತ್ತಿಯಾದ ಮೇಲೂ ಜೇಬಿನಲ್ಲೇ ಉಳಿಯಿತು. ಕೈ ಸುಮ್ಮನಿರಬೇಕಲ್ಲ! ಸೊನ್ನೆ ಹೋಗಿ ನುಸಿ ಬಂತು.

ಈ ಬಡಾವಣೆಗೆ ರೋಗದ ಮಾತು ರಕ್ತದಲ್ಲೇ ಇದೆ ಅನ್ನುವುದು ನನ್ನ ಗುಮಾನಿ. 1898ರಲ್ಲಿ ಪ್ಲೇಗು ಬಂದು ಪೇಟೆಯ ಜನ ದಿಕ್ಕಾಪಾಲಾದ ಮೇಲೆ ತಾನೆ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡದ್ದು? ರೋಗಕ್ಕೆ ಹೆದರಿ ಬಂದವರ ಮೊಮ್ಮಕ್ಕಳು ಈಗ ಟೆರೇಸು ಹತ್ತಿ ರೋಗ ಹುಡುಕುತ್ತಿದ್ದಾರೆ.

ನನ್ನ ಗಿಡ ನೆಟ್ಟದ್ದಲ್ಲ, ಹುಟ್ಟಿದ್ದು. ಸಾರಿನ ಪುಡಿಗೆ ತಂದ ಬ್ಯಾಡಗಿ ಮೆಣಸಿನಕಾಯಿಯ ಬೀಜ ತುಳಸಿಯ ಪಕ್ಕದ ಕುಂಡಕ್ಕೆ ಉದುರಿ ಎದ್ದು ನಿಂತಿತ್ತು. ಎಲೆ ಸುಕ್ಕುಗಟ್ಟಿದಾಗ ನನಗೆ ಹೆಮ್ಮೆಯೇ ಆಯಿತು. ಬ್ಯಾಡಗಿ ಕಾಯಿಗೆ ಸುಕ್ಕೇ ಕುರುಹು, 2011ರಲ್ಲಿ ಜಿಐ ಪಟ್ಟ ಬೇರೆ ಸಿಕ್ಕಿದೆ. ಮನೆತನದ ಗುಣ ಎಲೆಗೂ ಇಳಿದಿರಬೇಕು ಅಂದುಕೊಂಡೆ. ಬಾಯ್ತಪ್ಪಿ ಇದನ್ನು ಪಾರ್ಕಿನಲ್ಲಿ ಹೇಳಿಬಿಟ್ಟೆ. ರಾಯರು ವಾಕಿಂಗ್ ಅರ್ಧಕ್ಕೇ ನಿಲ್ಲಿಸಿ, "ನಡೀರಿ" ಅಂದರು.

ಮೆಟ್ಟಿಲು ಹತ್ತುವಾಗ ಮಂಡಿನೋವು ಅನ್ನುತ್ತಿದ್ದವರು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲು ಕುಡಿ ಎಲೆಯ ಬೆನ್ನು ತಿರುಗಿಸಿದರು. ಆಮೇಲೆ ಜೇಬಿನಿಂದ ಯಾರದೋ ಮದುವೆಯ ಕರೆಯೋಲೆ ಬಂತು. ಅದರ ಬಿಳಿ ಬೆನ್ನನ್ನು ಕುಡಿಯ ಕೆಳಗೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದರು. ಮೊದಲು ಕಂಡದ್ದು ಬರೀ ದೂಳು. ದೂಳು ನಡೆಯತೊಡಗಿತು! ಸಣ್ಣ ರವೆಯನ್ನು ಎಳೆದು ಉದ್ದ ಮಾಡಿದಂಥ, ಒಂದು ಮಿಲಿಮೀಟರೂ ಇರದ ತಿಳಿಹಳದಿ ಗೀರುಗಳು ಕಾರ್ಡಿನ ಅಂಚಿಗೆ ಧಾವಿಸುತ್ತಿದ್ದವು.

"ಥ್ರಿಪ್ಸು," ಅಂದರು ರಾಯರು, ಕಳ್ಳನ ಹೆಸರು ಮೊದಲೇ ಗೊತ್ತಿದ್ದವರ ಹಾಗೆ. "ಎಲೆಯನ್ನ ಕೆರೆದು ರಸ ಹೀರತ್ತೆ. ಅಂಚು ಮೇಲಕ್ಕೆ ಮಡಚಿ ದೋಣಿ ಆಗತ್ತೆ. ಕೆಳಕ್ಕೆ ಮಡಚಿ ದೋಣಿ ಕವುಚಿ ಹಾಕಿದ ಹಾಗಿದ್ದು, ಎಲೆಯ ತೊಟ್ಟು ಇಲಿಬಾಲದ ಥರ ಉದ್ದ ಆಗಿದ್ರೆ ಅದು ಮೈಟು. ಕೈಗೆ ಅಂಟಂಟು ಹತ್ತಿ, ಇರುವೆ ಸಾಲು ಹತ್ತಿದ್ರೆ ಹೇನು. ಇನ್ನು ಎಲೆ ಚಿಕ್ಕದಾಗಿ, ಗುಂಪುಗೂಡಿ, ಗಿಡ ಗಿಡ್ಡಕ್ಕೆ ನಿಂತುಬಿಟ್ರೆ..." ಇಲ್ಲಿ ದನಿ ಇಳಿಯಿತು. "ಬಿಳಿನೊಣ ತಂದ ವೈರಸ್ಸು. ಅದಕ್ಕೆ ಔಷಧಿ ಇಲ್ಲ."

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಬೇವಿನ ಸೋಪು ಬರೆದುಕೊಟ್ಟರು. ಲೀಟರಿಗೆ 10 ಗ್ರಾಂ ಮೀರಬಾರದು, ಬಿಸಿಲು ಇಳಿದ ಮೇಲೆ ಹೊಡೆಯಬೇಕು. ಶ್ರದ್ಧೆಯಿಂದ ಹೊಡೆದೆ. ವಾರ ಬಿಟ್ಟು ಬಂದು ವಿಚಾರಿಸಿದರು.

"ಎಲ್ಲಿಗೆ ಹೊಡೆದ್ರಿ?"

"ಎಲೆ ಮೇಲೆ."

"ಕಳ್ಳ ಹಿತ್ತಲಲ್ಲಿದ್ರೆ ಮುಂಬಾಗಿಲಿಗೆ ಬೀಗ ಹಾಕಿದ್ರಾ?"

ಇಷ್ಟರಲ್ಲಿ ನನ್ನ ಗಿಡದ ಕೇಸು ಪಾರ್ಕಿನ ಬೆಂಚಿಗೆ ಹೋಗಿತ್ತು. ಬೆಂಚಿನಲ್ಲಿ ಐವರು, ಅಭಿಪ್ರಾಯ ಏಳು. ಒಬ್ಬರು ಇಂಗು ಕದಡಿದ ಹುಳಿಮಜ್ಜಿಗೆ ಅಂದರು. ಇನ್ನೊಬ್ಬರು ಕ್ಯಾಲ್ಸಿಯಂ ಕೊರತೆ, ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ ಅಂದರು. ನಮ್ಮ ಬೀದಿಯಲ್ಲಿ ಮೊಟ್ಟೆ ಚಿಪ್ಪು ಎಲ್ಲಿಂದ ತರುವುದು? ತಂದರೂ ಮನೆಯವರ ಕಣ್ಣು ತಪ್ಪಿಸಿ ಟೆರೇಸಿಗೆ ಸಾಗಿಸುವುದು ಹೇಗೆ? ಕೊನೆಗೆ ಎಲೆಯಡಿಕೆ ತಟ್ಟೆಯ ಸುಣ್ಣದಲ್ಲಿ ರಾಜಿಯಾಯಿತು. ಮೂರನೆಯವರು ಖಡಾಖಂಡಿತವಾಗಿ ದೃಷ್ಟಿ ಅಂದರು. ರಾಯರು ಪಾಟೀಸವಾಲು ಹಾಕಿದರು: "ಎಲ್ಲರ ದೃಷ್ಟಿ ತೆಗೆಯೋದು ಮೆಣಸಿನಕಾಯಲ್ಲಿ. ಮೆಣಸಿನಕಾಯಿಗೇ ದೃಷ್ಟಿಯಾದ್ರೆ ಯಾವುದರಲ್ಲಿ ತೆಗೀತೀರಿ?" ಬೆಂಚು ಸ್ತಬ್ಧ. ಅದೇ ಹೊತ್ತಿಗೆ ಒಂದು ಹುಡುಗಿ, "ಅಂಕಲ್, ನಮ್ಮನೇದು ಮಧ್ಯಾಹ್ನ ಮುದುಡತ್ತೆ, ಸಂಜೆ ಸರಿಹೋಗತ್ತೆ" ಅಂದಳು. ಬಿಸಿಲಮ್ಮ, ನೀರು ಹಾಕು ಅಂದರೆ ಮುಗಿಯಿತು. ರಾಯರಿಗೂ ಅದು ಗೊತ್ತು. ಆದರೆ ಇಷ್ಟು ಸುಲಭದ ಕಾಯಿಲೆ ಅವರ ಘನತೆಗೆ ಕಮ್ಮಿ. ಅವಳ ಮನೆಗೂ ಹೋಗಿ ಕಾರ್ಡು ತಟ್ಟಿ ಬಂದರು.

ನಗುವವರು ನಗಲಿ, ಈ ವಿದ್ಯೆ ಆಟದ್ದಲ್ಲ. 2021ರಲ್ಲಿ ಹೊಸ ಕಪ್ಪು ನುಸಿ ಬಂದು ಬಳ್ಳಾರಿ, ರಾಯಚೂರಿನಿಂದ ಆಂಧ್ರ, ತೆಲಂಗಾಣದವರೆಗೆ ಮೆಣಸಿನ ಹೊಲಗಳ ಹೂವನ್ನೇ ತಿಂದುಹಾಕಿತು. ರಾಯರು ಅದನ್ನು ಹೇಳುವಾಗ ಮಾತ್ರ ಭೂತಗನ್ನಡಿ ಜೇಬಿನಲ್ಲಿರುತ್ತದೆ.

ಹಳದಿ ಅಂಟುಪಟ್ಟಿಯ ಕಥೆ ಬೇರೆ. ಬಿಳಿನೊಣಕ್ಕೆ ಹಳದಿ ಅಂದರೆ ಪ್ರಾಣ ಎಂದು ತಗಡಿಗೆ ಹಳದಿ ಬಳಿದು, ಹರಳೆಣ್ಣೆ ಸವರಿ ನನ್ನ ಟೆರೇಸಿನಲ್ಲಿ ತೂಗುಹಾಕಿದರು. ಒಂದೇ ರಾತ್ರಿಗೆ ಏಳು ನೊಣ, ಲೆಕ್ಕವಿಲ್ಲದಷ್ಟು ಸೊಳ್ಳೆ ಮತ್ತು ಪಕ್ಕದ ಮನೆಯವರು ಒಣಗಹಾಕಿದ್ದ ಮಡಿಪಂಚೆಯ ಒಂದು ತುದಿ ಸಿಕ್ಕಿಕೊಂಡವು. ಪಂಚೆಯವರು ಇನ್ನೂ ನನ್ನೊಡನೆ ಮಾತಾಡುತ್ತಿಲ್ಲ.

ಆಮೇಲೆ ಎರಡು ದಿನ ಜಡಿಮಳೆ ಬಂತು. ನುಸಿ ಕೊಚ್ಚಿಕೊಂಡು ಹೋಯಿತೋ ಏನೋ, ಹೊಸ ಚಿಗುರು ಚಪ್ಪಟೆಯಾಗಿ ಬಂತು. ಹೇಳಲು ರಾಯರ ಮನೆಗೆ ಹೋದೆ. "ಹೌದಾ" ಅಂದರು, ಪಿಂಚಣಿ ನಿಂತುಹೋದ ಸುದ್ದಿ ಕೇಳಿದವರ ಹಾಗೆ.

ಅವರ ಟೆರೇಸನ್ನು ನಾನು ನೋಡಿದ್ದು ಆವತ್ತೇ ಮೊದಲು. ಮೂಲೆಯಲ್ಲಿ ಮಗುವಿನ ಸೊಳ್ಳೆಪರದೆಯೊಳಗೆ ಒಂದೇ ಒಂದು ಮೆಣಸಿನ ಗಿಡ. ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿದೆ. ಎಲೆಗಳು ಗುಂಪುಗುಂಪಾಗಿ, ಹಿಂಡಿ ಬಿಟ್ಟ ಬಟ್ಟೆಯ ಹಾಗೆ. ಇಷ್ಟು ದಿನದ ಶಿಷ್ಯವೃತ್ತಿ, ನನಗೂ ಗೊತ್ತಾಯಿತು.

"ವೈರಸ್ಸು," ಅಂದೆ.

"ಹೂಂ. ಎಂಟು ತಿಂಗಳಾಯ್ತು."

"ಕಿತ್ತು ಹಾಕ್ಬೇಕು ಅಂತ ನೀವೇ..."

"ಅದು ನಿಮ್ಮನೇಲಿ." ಪರದೆಯ ಅಂಚನ್ನು ಇಟ್ಟಿಗೆಯ ಕೆಳಗೆ ಸರಿಯಾಗಿ ಸಿಕ್ಕಿಸಿದರು.

ಕೆಳಗಿನಿಂದ ಮನೆಯಾಕೆ ಕೂಗಿದರು, ಒಗ್ಗರಣೆಗೆ ಮೆಣಸಿನಕಾಯಿ ಇಲ್ಲವಂತೆ, ಗಾಂಧಿ ಬಜಾರಿಗೆ ಹೋಗಿ ಬರಬೇಕಂತೆ. ಚೀಲ ಹಿಡಿದು ಇಬ್ಬರೂ ಹೊರಟೆವು. ಗುಡ್ಡೆ ಹಾಕಿದ್ದ ಹಸಿಮೆಣಸಿನಕಾಯಿಯ ನಡುವೆ ಒಂದು ಎಲೆ ಕಂಡಿತು. ರಾಯರ ಕೈ ತಾನಾಗಿ ಜೇಬಿಗೆ ಹೋಯಿತು.

"ಸ್ವಾಮಿ," ಅಂದಳು ಮಾರುವವಳು, ತಕ್ಕಡಿ ಎತ್ತಿ, "ಕಾಯಿ ತಗೊಳಂಗಿದ್ರೆ ತಗೊಳ್ಳಿ. ಜಾತಕ ಯಾಕೆ ನೋಡ್ತೀರಾ?"

ರಾಯರು ನೂರು ಗ್ರಾಂ ತೂಗಿಸಿಕೊಂಡರು. ಎಲೆಯನ್ನೂ ಕೇಳಿ ಇಸಕೊಂಡರು.