ಫೋರ್ಕ್‌ಲಿಫ್ಟ್ ಬಳಸುವ ಬಗೆ: ಗೋದಾಮಿನವರಿಗೊಂದು ಕಿರುಕೈಪಿಡಿ

ಯಂತ್ರದ ಜೊತೆ ಬಂದ ಪುಸ್ತಕವನ್ನು ಮೊದಲು ಸಾಹುಕಾರರ ಬೀರುವಿನಲ್ಲಿಟ್ಟು ಬೀಗ ಹಾಕಿ, ಧೂಳು ಹಿಡಿದೀತು. ಓಡಿಸುವವನಿಗೆ ಹುಡುಕಾಟ ಬೇಡ. ಟ್ರ್ಯಾಕ್ಟರ್ ಬಲ್ಲ ಹುಡುಗ ದಾವಣಗೆರೆಯಲ್ಲಿ ಬೀದಿಗೊಬ್ಬ ಸಿಗುತ್ತಾನೆ. ಟ್ರ್ಯಾಕ್ಟರಿಗೆ ತಿರುಗುವುದು ಮುಂದಿನ ಗಾಲಿ, ಇದಕ್ಕೆ ಹಿಂದಿನದು. ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸುತ್ತದೆ. ಗೋಡೆಗೆ ಒರಗಿ ಬೀಡಿ ಸೇದುತ್ತಿರುವ ಹಮಾಲಿ ಅದನ್ನು ಅವನಿಗೆ ಕಲಿಸಿಕೊಡುತ್ತಾನೆ.

ಇನ್ನು ತೂಕ. 50 ಕೆ.ಜಿ.ಯ 40 ಚೀಲ ಮೆಕ್ಕೆಜೋಳ ಅಂದರೆ 2 ಟನ್. ಯಂತ್ರದ ತಗಡಿನ ಮೇಲೂ 2 ಟನ್ ಅಂತಲೇ ಇದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 500 ಮಿ.ಮೀ. ಎಂದಿರುವುದನ್ನು ಗ್ರೀಸ್ ಮೆತ್ತಿ ಮುಚ್ಚಿ. ಭಾರದ ನಡು ಫೋರ್ಕಿನ ಬುಡದಿಂದ ಅಷ್ಟರೊಳಗಿದ್ದರೆ ಮಾತ್ರ ಆ 2 ಟನ್ ಎಂದು ಅದರರ್ಥ. ಮುಂದಿನ ಗಾಲಿಯೇ ಇಲ್ಲಿ ತಕ್ಕಡಿಯ ಮುಳ್ಳು. ಹೊರೆ ಮುಂದಕ್ಕೆ ಚಾಚಿದಷ್ಟೂ ಹಿಂದಿನ ಗಾಲಿ ನೆಲ ಬಿಡುತ್ತದೆ. ಬಿಟ್ಟರೆ, "ಲೇ, ಇಬ್ರು ಹಿಂದೆ ಕುಂದ್ರಿ" ಎಂದು ಕೂಗಿ. ಇಬ್ಬರು ಕೂತರೆ ಎರಡು ಚೀಲಕ್ಕಿಂತ ಹೆಚ್ಚು ತೂಕ, ಪುಕ್ಕಟೆ.

ಅಟ್ಟಿ ಒಟ್ಟುವಾಗ ಗೋಣಿಚೀಲ ಬೇಡ, ಅವು ಒಂದನ್ನೊಂದು ಕಚ್ಚಿಕೊಂಡು ಕೂರುತ್ತವೆ. ನುಣ್ಣಗೆ ಜಾರುವ ಪ್ಲಾಸ್ಟಿಕ್ ಚೀಲವನ್ನೇ ತಗಡಿನ ಮಾಡು ಮುಟ್ಟುವಷ್ಟು ಒಟ್ಟಿ, ಬೇಕಾದಾಗ ಬುಡದಿಂದ ಎಳೆಯಿರಿ. ಹನ್ನೊಂದು ಗಂಟೆಗೆ ಅದರ ನೆರಳಲ್ಲೇ ಪೇಪರ್ ಹಾಸಿ ಮಂಡಕ್ಕಿ ಸುರುವಿಕೊಳ್ಳಬಹುದು, ಮಿರ್ಚಿ ಬಿಸಿಯಾಗಿರಲಿ. ಎತ್ತಿ ನಿಲ್ಲಿಸಿದ ಫೋರ್ಕಿನ ಕೆಳಗಾದರೆ ಇನ್ನೂ ತಂಪು.

ಹರಿಹರದವರನ್ನು ಮಾತ್ರ ನೋಡಿ ಕೆಲಸಕ್ಕಿಟ್ಟುಕೊಳ್ಳಿ. 1941ರಲ್ಲಿ ಅಲ್ಲೇ ಶುರುವಾದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತುಗಳ ನಡುವೆ ದುಡಿದ ನಮ್ಮ ಬೀದಿಯ ಅಜ್ಜ ಇವತ್ತಿಗೂ ಮದುವೆ ಚಪ್ಪರದ ತೂಗುದೀಪದ ಕೆಳಗೆ ಎಲೆ ಹಾಕಿಸಿಕೊಳ್ಳುವುದಿಲ್ಲ. "ತಮ್ಮಾ, ತೂಗೋದರ ಕೆಳಗೆ ಉಣಬಾರದು" ಅಂತ ಪಂಕ್ತಿಯನ್ನೇ ಎಬ್ಬಿಸುತ್ತಾರೆ. ಇಂಥವರು ಗೋದಾಮಿಗೆ ಬಂದರೆ ಕೆಲಸ ಸಾಗದು.

ಒಂದು ಮಾತನ್ನು ನಗದೆ ಬರೆಯಬೇಕಿದೆ. 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಕುಸಿದ ಮೆಕ್ಕೆಜೋಳದಡಿ ಸಿಕ್ಕಿ ಬಿಹಾರದಿಂದ ದುಡಿಯಲು ಬಂದಿದ್ದ 7 ಮಂದಿ ಸತ್ತರು. ಅಲ್ಲಿ ಫೋರ್ಕ್‌ಲಿಫ್ಟಿನ ತಪ್ಪೇನಿರಲಿಲ್ಲ. ಬಿದ್ದದ್ದು ಇದೇ ಕಾಳು.

ಕೊನೆಯದಾಗಿ, ಅವಘಡದ ನಂತರ. "ಕಾರಣ" ಎಂಬ ಕಡೆ "ಕೆಲಸಗಾರನ ಅಜಾಗರೂಕತೆ" ಎಂದು ತುಂಬಿ. ರಬ್ಬರ್ ಸ್ಟಾಂಪ್ ಮೊದಲೇ ಮಾಡಿಸಿಟ್ಟಿದ್ದರೆ ಒಳ್ಳೆಯದು. ಚೆಲ್ಲಿದ ಜೋಳ ಬಳಿದು, ಜರಡಿ ಹಿಡಿದು, ತೂಗಿ, ಎಷ್ಟು ಗ್ರಾಂ ಕಮ್ಮಿ ಬಂತೆಂದು ಬೇರೆ ಪುಸ್ತಕದಲ್ಲಿ ಬರೆಯಿರಿ. ಚೀಲ ಹೊಲಿದು ಅಟ್ಟಿಯ ಮೇಲಕ್ಕೆ ಏರಿಸಿ.