ಎಸ್.ಪಿ. ರೋಡ್ ಬಾವ

ಪ್ರತಿ ಊರಿನಲ್ಲೂ ಊರಿಗೆಲ್ಲ ಬಾವ ಆಗುವವರೊಬ್ಬರು ಇರುತ್ತಾರೆ. ಸೋಮಂದೇಪಲ್ಲಿಯ ಬಾವನವರ ವಿಶೇಷವೆಂದರೆ, ಯಾವ ವಸ್ತುವಿನ ಉಪಯೋಗ ಗೊತ್ತಿಲ್ಲದಿದ್ದರೂ ಅದರ ರೇಟು ಅವರಿಗೆ ಗೊತ್ತು. ಅದೂ ಇಲ್ಲಿಯ ರೇಟಲ್ಲ, ಬೆಂಗಳೂರಿನ ಎಸ್.ಪಿ. ರೋಡ್ ರೇಟು. ನೀವು ಪೆನುಕೊಂಡದಲ್ಲೋ ಹಿಂದೂಪುರದಲ್ಲೋ ಏನಾದರೂ ಕೊಂಡು ತಂದರೆ ಕೈಯಲ್ಲಿ ತಿರುಗಿಸಿ ನೋಡಿ, "ಎಷ್ಟು ಕೊಟ್ರಿ?" ಎನ್ನುತ್ತಾರೆ. ನೀವು ಹೇಳುತ್ತೀರಿ. ಬಾವ ಬೈಯುವುದಿಲ್ಲ, ನಗುವುದಿಲ್ಲ. ನಾಲಗೆಯಿಂದ 'ಚ್' ಎಂದು ಒಂದೇ ಒಂದು ಸದ್ದು ಮಾಡಿ ವಸ್ತುವನ್ನು ವಾಪಸ್ ಕೊಡುತ್ತಾರೆ. ಆ ಸದ್ದಿಗೆ ಹೆದರಿ ಹೊಸ ಮೊಬೈಲಿನ ಬಿಲ್ಲನ್ನು ಹರಿದುಹಾಕಿದವರಿದ್ದಾರೆ.

ಎರ್ರಮಂಚಿಯಲ್ಲಿ ಕಿಯಾದವರು 2019ರಲ್ಲಿ ಕಾರು ಮಾಡಲು ಶುರುಮಾಡಿದ ಮೇಲೆ ಹೆದ್ದಾರಿಯ ಅಕ್ಕಪಕ್ಕ ಆಫೀಸುಗಳ ಬೋರ್ಡು ಏಳತೊಡಗಿ, ಅವಕ್ಕೆಲ್ಲ ಎಸ್.ಪಿ. ರೋಡಿನಿಂದ ಸಾಮಾನು ತಂದುಕೊಡುವ ಬಾವನಿಗೆ ಪುರುಸೊತ್ತಿಲ್ಲ. ಕಮಿಷನ್ ಒಂದು ರೂಪಾಯಿ ಮುಟ್ಟುವವರಲ್ಲ. ಇದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದರೆ ಎಸ್.ಪಿ. ರೋಡ್ ರೇಟು ಹಿಂದೂಪುರದ ರೇಟನ್ನು ದಾಟಿಬಿಡುತ್ತದೆ ಎಂಬ ಭಯವಿರಬಹುದು.

ಮಗ್ಗದ ಮನೆತನದ ಹುಡುಗನೊಬ್ಬ ರೇಷ್ಮೆ ಸೀರೆ ವ್ಯಾಪಾರಕ್ಕೆಂದು ಮಹಡಿಯ ಮೇಲೆ ಆಫೀಸು ಮಾಡಿದ. ಆರು ಕಂಪ್ಯೂಟರು, ಒಂದು ಪ್ರಿಂಟರು, ನಾಲ್ಕು ಕ್ಯಾಮೆರಾ. ಇವನ್ನೆಲ್ಲ ಒಂದಕ್ಕೊಂದು ಜೋಡಿಸಲು 16 ಪೋರ್ಟಿನ ನೆಟ್‌ವರ್ಕ್ ಸ್ವಿಚ್ಚೇ ಧಾರಾಳ. ಬಾವ 24 ಪೋರ್ಟಿನದು ತಂದರು.

"ಅಷ್ಟೊಂದು ಯಾಕೆ ಬಾವ?"

"ನಾಳೆ ನೀನು ಬೆಳೆಯಲ್ವಾ?"

ಇದಕ್ಕೆ ಯಾವ ವ್ಯಾಪಾರಿ ಇಲ್ಲ ಎನ್ನುತ್ತಾನೆ? ಸ್ವಿಚ್ಚು ಮೇಜಿನ ಮೇಲೆ, ಬಂದವರಿಗೆ ಕಾಣುವ ಹಾಗೆ ಕೂತಿತು. ಅಲ್ಲಿ ಹಾಕಿದ ದುಡ್ಡನ್ನು ಬಾವ ವೈರಿನಲ್ಲಿ ಉಳಿಸಿದರು. ಗೋಡೆಯೊಳಗೆ ಹೋಗುವುದನ್ನು ಯಾರು ನೋಡುತ್ತಾರೆ? ಸ್ವಿಚ್ಚು ಸರಿಯಿಲ್ಲದಿದ್ದರೆ ಐದು ನಿಮಿಷದಲ್ಲಿ ಬದಲಾಯಿಸಬಹುದು, ವೈರಿಗಾದರೆ ಗೋಡೆ ಒಡೆಯಬೇಕು ಎಂದು ಯಾರಾದರೂ ಹೇಳಬಹುದಿತ್ತು. ಆದರೆ ಬಾವ ಆಗಲೇ 305 ಮೀಟರಿನ ಡಬ್ಬವನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸುತ್ತಿದ್ದರು. "ನೋಡಿ, ಎಷ್ಟು ಹಗುರ! ಮೆಜೆಸ್ಟಿಕ್‌ವರೆಗೆ ಹಿಂಗೇ ಹಿಡ್ಕೊಂಡು ನಡೆದುಬಂದೆ." ವೈರಿನ ಮೈಮೇಲೆ ಕ್ಯಾಟ್ 6 ಎಂದು ದಪ್ಪಕ್ಕೂ, ಪಕ್ಕದಲ್ಲಿ ಸಿ.ಸಿ.ಎ. ಎಂದು ಸಣ್ಣಕ್ಕೂ ಬರೆದಿತ್ತು. ಅದೇನೆಂದು ಕೇಳಿದ್ದಕ್ಕೆ, "ಕ್ವಾಲಿಟಿ ಮಾರ್ಕು" ಎಂದರು.

ವೈರಿನ ತುದಿಗೆ ಪ್ಲಗ್ ಕೂರಿಸುವ ಕ್ರಿಂಪಿಂಗ್ ಕೂಡ ಅವರದೇ. ಸಿಪ್ಪೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಎಂಟು ಎಳೆ ಬಿಡಿಸಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಎಂದು ಕಣ್ಣು ಮುಚ್ಚಿ ಹೇಳಿಕೊಳ್ಳುತ್ತ ಜೋಡಿಸುತ್ತಾರೆ. ನಡುವೆ ಫೋನು ಬಂದರೆ ಮತ್ತೆ ಮೊದಲಿನಿಂದ.

ಮೊದಲ ವಾರದಲ್ಲೇ ತಮಾಷೆ ಶುರುವಾಯಿತು. ಟ್ಯಾಲಿ ತೆರೆದರೆ ಗಡಿಯಾರದ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಹಗಲೆಲ್ಲ ಚೆನ್ನಾಗಿ ನೋಡುತ್ತಿದ್ದ ದೂರದ ಗೋಡೌನ್ ಕ್ಯಾಮೆರಾ ಕತ್ತಲಾದ ಕೂಡಲೇ ಕಣ್ಣು ಮುಚ್ಚುತ್ತಿತ್ತು. "ಕ್ಯಾಮೆರಾಕ್ಕೂ ರೆಸ್ಟ್ ಬೇಕಲ್ವಾ" ಎಂದು ವಾಚ್‌ಮನ್ ಖುಷಿಯಾಗಿದ್ದ. ಫೈಬರ್ ಕನೆಕ್ಷನ್ ಕೊಡಲು ಬಂದ ಹುಡುಗ, ವೈರಿನಲ್ಲೇ ಏನೋ ಇದೆ, ಒಂದು ತುಂಡು ಕೆರೆದು ನೋಡಿ ಎಂದ.

ಕೆರೆಯುವುದೆಂದರೆ ಆ ಮನೆಯಲ್ಲಿ ತಾತನ ಕೆಲಸ. ಜರಿ ನೋಡಿ ನೋಡಿ ಹಣ್ಣಾದ ಕಣ್ಣು. ಅಸಲಿ ಜರಿಯಾದರೆ ಚಿನ್ನದ ಬಣ್ಣದ ಕೆಳಗೆ ಬೆಳ್ಳಿ, ಅದರೊಳಗೆ ಕೆಂಪು ರೇಷ್ಮೆ ಎಳೆ. ಟೆಸ್ಟೆಡ್ ಜರಿಯಾದರೆ ಮೇಲಿನ ಬಣ್ಣ ಹೋದ ಕೂಡಲೇ ತಾಮ್ರ ಹಲ್ಲು ಕಿರಿಯುತ್ತದೆ. ತಾತ ಕನ್ನಡಕ ಹಣೆಗೇರಿಸಿ ಬ್ಲೇಡಿನಿಂದ ಎರಡು ಸಲ ಕೆರೆದರು. ಮೇಲಿನ ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೆಯಿತು.

"ಒಳಗೆ ಬೆಳ್ಳಿ ಐತಲ್ಲಪ್ಪಾ! ಇನ್ನೇನು ಬೇಕು?"

ಬಾವನ ಮುಖ ಅರಳಿತು. "ಎಸ್.ಪಿ. ರೋಡ್ ಮಾಲು ಅಂದ್ರೆ ಸುಮ್ನೇನಾ ಮಾವ?"

ಫೈಬರ್ ಹುಡುಗ ಮೆಲ್ಲಗೆ ಹೇಳಿದ: "ಬೆಳ್ಳಿ ಅಲ್ಲ ತಾತ, ಅಲ್ಯೂಮಿನಿಯಂ. ತಾಮ್ರ ಬರೀ ಮೇಲಿನ ಪದರ. ಅದೇ ಸಿ.ಸಿ.ಎ."

ತಾತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಯುಷ್ಯವೆಲ್ಲ ಒಳಗೆ ತಾಮ್ರ ಕಂಡರೆ ಮೋಸ ಎಂದು ಎಳೆ ವಾಪಸ್ ಕಳಿಸಿದವರಿಗೆ, ಒಳಗೆ ತಾಮ್ರ ಕಾಣದಿದ್ದರೆ ಮೋಸ ಎನ್ನುವ ವ್ಯಾಪಾರವೂ ಲೋಕದಲ್ಲಿದೆ ಎಂದು ಒಪ್ಪಿಕೊಳ್ಳಬೇಕಲ್ಲ! ಹುಡುಗ ಬಿಡಿಸಿ ಹೇಳಿದ. ಅಲ್ಯೂಮಿನಿಯಂ ಎಳೆ ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ಸಾವಿರ ಎಂಬಿಪಿಎಸ್‌ಗೆ ಎಂಟೂ ಎಳೆ ಬೇಕು, ನಾಲ್ಕೇ ಉಳಿದರೆ ನೂರಕ್ಕೆ ಇಳಿಯುತ್ತದೆ. ಕ್ಯಾಮೆರಾಕ್ಕೆ ಕರೆಂಟೂ ಅದೇ ವೈರಿನಲ್ಲಿ ಹೋಗಬೇಕು. ಕತ್ತಲಾದರೆ ಅದರ ಇನ್‌ಫ್ರಾರೆಡ್ ದೀಪ ಹತ್ತಿ ಹೆಚ್ಚು ಕರೆಂಟು ಕೇಳುತ್ತದೆ, ಈ ವೈರು ಅದರಲ್ಲಿ ಒಂದು ಪಾಲನ್ನು ದಾರಿಯಲ್ಲೇ ತಿಂದುಬಿಡುತ್ತದೆ.

"ನನಗೆ ಗೊತ್ತು," ಎಂದರು ಬಾವ. "ಇದು ಸದ್ಯಕ್ಕೆ ಅಂತ ಹಾಕ್ಸಿದ್ದು."

ಇಷ್ಟಾದರೂ ಅವರು ಸ್ವಿಚ್ಚಿನ ಹತ್ತಿರ ಹೋಗುವುದನ್ನು ಬಿಡಲಿಲ್ಲ. ಒಂದು ಸಂಜೆ ಉಳಿದ ತುಂಡು ವೈರು ನೇತಾಡುತ್ತಿದ್ದುದನ್ನು ನೋಡಿ, ಚೆಂದ ಕಾಣಲಿ ಎಂದು ಅದರ ಎರಡೂ ತುದಿಯನ್ನು ಅದೇ ಸ್ವಿಚ್ಚಿನ ಎರಡು ಖಾಲಿ ಪೋರ್ಟುಗಳಿಗೆ ಸಿಕ್ಕಿಸಿದರು. ಹೊರಟ ಮಾಹಿತಿ ಅದರಲ್ಲೇ ಗಿರಗಿರ ಸುತ್ತತೊಡಗಿ ಆಫೀಸಿನ ಆರೂ ಕಂಪ್ಯೂಟರು ಸ್ತಬ್ಧ. ಸ್ವಿಚ್ಚಿನ ದೀಪಗಳು ಮಾತ್ರ ದೀಪಾವಳಿ. ಬಿಲ್ಲಿಗೆ ಕಾದ ಗಿರಾಕಿಯನ್ನು ಬಾವ ಭುಜ ಹಿಡಿದು ಕರೆತಂದು ತೋರಿಸಿದರು: "ನೋಡಿ, ಹೆಂಗ್ ಓಡ್ತಾ ಐತೆ! ಇಂಥ ಸ್ಪೀಡು ಪೆನುಕೊಂಡದಲ್ಲೂ ಇಲ್ಲ."

ಕೊನೆಗೆ ಗೋಡೆ ಒಡೆದು ಅಪ್ಪಟ ತಾಮ್ರದ ವೈರು ಎಳೆಸಿದರು. ಏಣಿ ಹಿಡಿದು ರಾತ್ರಿಯವರೆಗೂ ನಿಂತವರು ಬಾವನೇ, ಕಾಫಿಯನ್ನೂ ತಮ್ಮ ದುಡ್ಡಲ್ಲೇ ತರಿಸಿದರು. ಹೊಸ ಡಬ್ಬವನ್ನು ಒಂದು ಕೈಯಲ್ಲಿ ಎತ್ತಲು ನೋಡಿ, ಆಗದೆ, "ಚ್" ಎಂದರು.

ಹಳೆಯ ವೈರನ್ನು ಎಸೆಯಲು ಮನಸ್ಸು ಬಾರದೆ ಮನೆಗೆ ಒಯ್ದು ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ್ದಾರೆ. ನೋಡಿದವರಿಗೆಲ್ಲ, ಅಂಗಡಿಯ ನೈಲಾನ್ ಹಗ್ಗಕ್ಕೆ ಸುಮ್ಮನೆ ದುಡ್ಡು ಸುರಿಯುತ್ತೀರಲ್ಲ ಎನ್ನುತ್ತಾರೆ. ಬಾವನ ಈ ಹಗ್ಗ ಮೀಟರಿಗೆ ಎಷ್ಟು ಬಿತ್ತು ಎಂದು ಕೇಳುವ ಧೈರ್ಯ ಊರಲ್ಲಿ ಇನ್ನೂ ಯಾರಿಗೂ ಬಂದಿಲ್ಲ.